ಖೋಪ್ಡಿಯ ಅಂಗಿ ಯಾರಿಗೂ ಬೇಕಿರಲಿಲ್ಲ

ಮುಂಬಯಿಯ ಸಾಂತಾಕ್ರೂಜ್ ಪಶ್ಚಿಮದಲ್ಲಿ ಇಳಿದು ಲಿಂಕಿಂಗ್ ರೋಡ್ ಕಡೆ ನಡೆದರೆ ಹ್ಯಾಂಗರಿನಲ್ಲಿ ತೂಗುವುದೆಲ್ಲ ಭುಜ ಜಾರಿದ ಟೀ ಶರ್ಟು, ಮೊಣಕಾಲಿನ ಹತ್ತಿರವೂ ಜೇಬಿರುವ ಕಾರ್ಗೋ ಪ್ಯಾಂಟು. ಸ್ಟ್ರೀಟ್‌ವೇರ್ ಅಂತೆ, ಟಿವಿ ನೋಡಿ ಕಲಿತ ಬೀದಿಯ ಉಡುಪು.

ಬೀದಿ ಟಿವಿಗೆ ಬಂದದ್ದು ಈಗೇನಲ್ಲ. 1986ರಲ್ಲಿ ದೂರದರ್ಶನದ ‘ನುಕ್ಕಡ್’ ನೋಡಿದವರಿಗೆ ಸೈಕಲ್ ರಿಪೇರಿಯ ಹರಿ, ಕುಡುಕ ಖೋಪ್ಡಿ ಇಬ್ಬರೂ ಮನೆಯವರಂತೆ. ಆದರೂ ಖೋಪ್ಡಿಯಂಥ ಅಂಗಿ ಕೊಡಿಸಿ ಎಂದು ಹಠ ಹಿಡಿದ ಹುಡುಗನನ್ನು ನಾನಂತೂ ಕಂಡಿಲ್ಲ. ಬಡತನವನ್ನು ಯಾರು ದುಡ್ಡು ಕೊಟ್ಟು ತೊಡುತ್ತಾರೆ? ಅತ್ತ ಅಮೆರಿಕದಲ್ಲಿ 1990ರಲ್ಲಿ ಶುರುವಾದ ‘ಫ್ರೆಶ್ ಪ್ರಿನ್ಸ್ ಆಫ್ ಬೆಲ್ ಏರ್’ನಲ್ಲಿ ವಿಲ್ ಸ್ಮಿತ್ ಲೇಸಿಲ್ಲದ ಏರ್ ಜೋರ್ಡನ್ ಶೂ ಹಾಕಿ ಮೆರೆದ. ಕಪ್ಪು ಹುಡುಗರ ಉಡುಪು ಎಲ್ಲರಿಗೂ ಬೇಕಾಯಿತು.

ನಮ್ಮಲ್ಲಿ ಬೀದಿಯ ಉಡುಪು ಹಾಗೆ ಎಲ್ಲರಿಗೂ ಬೇಕಾಗಲು 2019 ಬರಬೇಕಾಯಿತು. ಮೊದಲು ‘ಗಲ್ಲಿ ಬಾಯ್’ ಸಿನಿಮಾ, ಅದೇ ವರ್ಷ ಟಿವಿಯ ರ‍್ಯಾಪ್ ಸ್ಪರ್ಧೆ ‘ಎಂಟಿವಿ ಹಸಲ್’. ಸಿನಿಮಾಕ್ಕೆ ಸ್ಫೂರ್ತಿಯಾದ ರ‍್ಯಾಪರ್‌ಗಳಲ್ಲಿ ನೇಜಿ ಕುರ್ಲಾದವನು, ಡಿವೈನ್ ಅಂಧೇರಿಯವನು. ಸಾಂತಾಕ್ರೂಜ್ ಪೂರ್ವದ ವಾಕೋಲದ ಹುಡುಗರಿಗೆ ಇಬ್ಬರೂ ಪಕ್ಕದ ಮನೆಯವರೇ.

ಮೊನ್ನೆ ಸಾಂತಾಕ್ರೂಜ್ ಪೂರ್ವದ ಬಿಲ್ಲವ ಭವನದಲ್ಲಿ ಒಂದು ಮದುವೆ. ಹೀಗೇ ಜೋಲು ಅಂಗಿ ತೊಟ್ಟ ಮೊಮ್ಮಗನ ತೋಳು ಹಿಡಿದು ಅಜ್ಜಿ ಕೇಳಿದರು: “ಎಂತ ಮಾರಾಯ, ಅಪ್ಪನ ಅಂಗಿ ಹಾಕಿಕೊಂಡು ಬಂದದ್ದಾ?”

“ಓವರ್‌ಸೈಜ್, ಅಜ್ಜಿ. ಇದೇ ಫ್ಯಾಶನ್.”

“ಹಾಗಾದರೆ ನಿನ್ನ ಅಜ್ಜನೂ ಫ್ಯಾಶನ್ನಿನವರೇ. ಹೋಟೆಲಿಗೆ ಸೇರಿದಾಗ ಅಣ್ಣನ ಹಳೇ ಅಂಗಿಯೇ ಅವರಿಗೆ.”

ನಮ್ಮ ಕನ್ನಡ ಧಾರಾವಾಹಿಗಳಿಗೆ ಮಾತ್ರ ಬೀದಿಯ ಗಾಳಿ ಸೋಕಿಲ್ಲ. ಅಲ್ಲಿ ಇನ್ನೂ ಒಗ್ಗರಣೆ ಹಾಕುವಾಗಲೂ ರೇಷ್ಮೆ ಸೀರೆ!