ಮಜ್ಜಿಗೆ ಹುಲ್ಲಿನ ಮಹಿಮೆ

ಹುಲ್ಲೆಂದರೆ ದನಕ್ಕೆ, ಮಜ್ಜಿಗೆಯೆಂದರೆ ಮನುಷ್ಯನಿಗೆ. ಎರಡನ್ನೂ ಕೂಡಿಸಿ ಮಜ್ಜಿಗೆ ಹುಲ್ಲು ಎಂದು ಹೆಸರಿಟ್ಟವರು ಪಂಡಿತರಲ್ಲ, ಅಡುಗೆಮನೆಯವರೇ ಇರಬೇಕು. ಎಲೆಯನ್ನು ಹೊಸೆದು ಮೂಸಿದರೆ ನಿಂಬೆಯ ಪರಿಮಳ. ಅಜಾಗ್ರತೆಯಿಂದ ಸವರಿದರೆ ಬೆರಳು ಕೊಯ್ಯುವ ಅಂಚು. ಬಚ್ಚಲ ನೀರು ಹರಿಯುವ ಕಡೆ ಒಂದು ಬುಡ ನೆಟ್ಟರೆ ವರ್ಷದೊಳಗೆ ಪೊದೆ. ಹಿತ್ತಲಲ್ಲಿ ಅದು ಹೂ ಬಿಡುವುದು ಬಲು ಅಪರೂಪ. ಬೀಜವನ್ನು ನೆಚ್ಚದೆ ನೆರೆಹೊರೆಯನ್ನು ನೆಚ್ಚಿ ವಂಶ ಬೆಳೆಸುವ ಸಸ್ಯವಿದು. ನಮ್ಮ ಬೀದಿಯ ಪೊದೆಗಳೆಲ್ಲ ಒಂದೇ ಮನೆಯಿಂದ ಕಿತ್ತುಕೊಟ್ಟ ಬುಡಗಳ ಸಂತಾನವೆಂದರೆ ಅತಿಶಯೋಕ್ತಿಯಲ್ಲ.

ಯಾರಿಗಾದರೂ ನೆಗಡಿಯಾಯಿತೆಂದರೆ ನಮ್ಮಮ್ಮ ಮೊದಲು ಕತ್ತರಿ ಹಿಡಿದು ಹಿತ್ತಲಿಗೆ ಹೋಗುತ್ತಾರೆ. ನಾಲ್ಕೈದು ಎಲೆ, ಜಜ್ಜಿದ ಶುಂಠಿ, ಎರಡು ಮೆಣಸಿನ ಕಾಳು, ಒಂದು ಚೂರು ಬೆಲ್ಲ; ಎರಡು ಲೋಟ ನೀರು ಒಂದೂವರೆಗೆ ಇಳಿಯುವಷ್ಟು ಕುದಿಸಿ ಸೋಸಿದರೆ ಕಷಾಯ. ಮದುವೆಯೂಟ ಉಂಡು ಹೊಟ್ಟೆ ಉಬ್ಬರಿಸಿದವರಿಗೂ ಇದೇ ಕೊಡುತ್ತಾರೆ, ಬೆಲ್ಲ ಮಾತ್ರ ಹಾಕದೆ. ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಹಬೆ ಮೂಗಿಗೆ ತಾಗಿದೊಡನೆಯೇ ಅರ್ಧ ಕಾಯಿಲೆ ಹೋದಂತೆ ಎನಿಸುವುದುಂಟು.

ಈ ಪರಿಮಳಕ್ಕೆ ಕಾರಣ ಸಿಟ್ರಾಲ್ ಎಂಬ ವಸ್ತು. ಹುಲ್ಲಿನಿಂದ ಇಳಿಸಿದ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಅದೇ. ನಮ್ಮ ಹಿತ್ತಲ ಹುಲ್ಲಿನ ದಾಯಾದಿಯೊಂದನ್ನು ಕೇರಳದಲ್ಲಿ ಎಣ್ಣೆಗಾಗಿಯೇ ಬೆಳೆಯುತ್ತಾ ಬಂದಿದ್ದಾರೆ. ಅಲ್ಲಿನ ಓಡಕ್ಕಾಲಿಯಲ್ಲಿ 1951ರಲ್ಲಿ ಇದರ ಸಂಶೋಧನೆಗೆಂದೇ ಒಂದು ಕೇಂದ್ರ ಆರಂಭವಾಯಿತು. ಸಾಬೂನಿಗೂ ಸುಗಂಧ ದ್ರವ್ಯಕ್ಕೂ ಈ ಎಣ್ಣೆ ಬೇಕು. ಪ್ರಯೋಗಶಾಲೆಯಲ್ಲಿ ಅದು ಕೆಲವು ಬೂಷ್ಟುಗಳನ್ನೂ ರೋಗಾಣುಗಳನ್ನೂ ತಡೆಯುತ್ತದೆ. ಆದರೆ ಎಣ್ಣೆ ಬೇರೆ, ಕಷಾಯ ಬೇರೆ. ನೇರವಾಗಿ ಹಚ್ಚಿದರೆ ಚರ್ಮವನ್ನು ಉರಿಸಬಲ್ಲ ಎಣ್ಣೆ ಕುಡಿಯುವ ಪದಾರ್ಥವಲ್ಲ.

ಮಹಿಮೆ ಬೆಳೆಯುವುದು ಇಲ್ಲಿಂದಲೇ. ಬ್ರೆಜಿಲ್ ದೇಶದಲ್ಲಿ ಈ ಎಲೆಯ ಕಷಾಯ ಕುಡಿದರೆ ಕಳವಳ ಇಳಿದು ನಿದ್ರೆ ಬರುತ್ತದೆಂದು ಜನರ ನಂಬಿಕೆ. ಅಲ್ಲಿನ ಸಂಶೋಧಕರು ಜನರಿಗೇ ಕುಡಿಸಿ ನೋಡಿ 1986ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಡುಕೇನೂ ಕಾಣಲಿಲ್ಲ, ನಿದ್ರೆ ತರಿಸುವ ಗುಣವೂ ಕಾಣಲಿಲ್ಲ. 2005ರಲ್ಲಿ ಇಸ್ರೇಲಿನ ಬೆನ್‌ಗುರಿಯನ್ ವಿಶ್ವವಿದ್ಯಾಲಯದವರು, ಸಿಟ್ರಾಲ್ ಪ್ರಯೋಗಶಾಲೆಯಲ್ಲಿ ಬೆಳೆಸಿದ ಕೆಲವು ಕ್ಯಾನ್ಸರ್ ಜೀವಕೋಶಗಳನ್ನು ಸಾಯಿಸಿತೆಂದು ವರದಿ ಮಾಡಿದರು. ಸುದ್ದಿ ಹಬ್ಬಿದ್ದೇ ತಡ, ರೋಗಿಗಳು ಅಲ್ಲಿನ ತೋಟವೊಂದಕ್ಕೆ ಹುಲ್ಲು ಹುಡುಕಿಕೊಂಡು ಹೋದರು. ಪ್ರಯೋಗಶಾಲೆಗೂ ಮನುಷ್ಯನ ಮೈಗೂ ನಡುವೆ ಇರುವ ದೂರ, ಪ್ರಾಣಭಯದಲ್ಲಿದ್ದವರ ಕಣ್ಣಿಗೆ ಬೀಳುವುದೆಂತು?

ನಮ್ಮ ಮನೆಯಲ್ಲೇ ಒಂದು ಮಳೆಗಾಲದಲ್ಲಿ ತಂಗಿಯ ಮಗನಿಗೆ ಜ್ವರ ಬಂದಿತು. ಎರಡು ದಿನ ಅಮ್ಮ ಕಷಾಯ ಕೊಟ್ಟರು. ಮೂರನೆಯ ಬೆಳಿಗ್ಗೆ ಮಗು ಕಣ್ಣು ನೋವೆಂದು ಅಳತೊಡಗಿತು. ಊರಿನಿಂದ ಬಂದಿದ್ದ ಚಿಕ್ಕಪ್ಪ, "ಇನ್ನೆರಡು ದಿನ ಕುಡಿಸಿ ಅತ್ತಿಗೆ, ಹುಲ್ಲಿಗೆ ಬಗ್ಗದ ಜ್ವರವೇ ಇಲ್ಲ" ಎಂದರು. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು, "ಅದರ ಕೈಲಾದದ್ದನ್ನ ಅದು ಮಾಡಿತಪ್ಪ. ಇನ್ನು ಡಾಕ್ಟರ ಕೆಲಸ" ಎಂದವರೇ ಆಟೋ ತರಲು ನನ್ನನ್ನು ಕಳಿಸಿದರು.

ರಕ್ತಪರೀಕ್ಷೆಯಲ್ಲಿ ಡೆಂಗ್ಯೂ ಎಂದು ತಿಳಿಯಿತು. ನಾಲ್ಕು ದಿನ ಆಸ್ಪತ್ರೆ. ಪ್ಲೇಟ್‌ಲೆಟ್ ಇಳಿದ ಆ ಎರಡು ರಾತ್ರಿ ತಂಗಿ ಕಣ್ಣು ಮುಚ್ಚಲಿಲ್ಲ. ಮೈಯಲ್ಲಿ ನೀರು ಕಡಮೆಯಾಗದಂತೆ ನೋಡಿಕೊಳ್ಳುವುದೇ ಇದಕ್ಕೆ ಮುಖ್ಯ ಚಿಕಿತ್ಸೆಯೆಂದು ಡಾಕ್ಟರು ವಿವರಿಸಿದಾಗ, ಅಮ್ಮ ಸಂಕೋಚದಿಂದ, "ತೆಳು ಕಷಾಯ ಕೊಡಬಹುದೆ?" ಎಂದು ಕೇಳಿದರು. ಅವರು ನಕ್ಕು, "ಕೊಡಿ ತಾಯಿ, ಅದೂ ನೀರೇ" ಎಂದರು. ಯಾವುದನ್ನೂ ಬಾಯಿಗಿಡಲೊಪ್ಪದ ಹುಡುಗ ಅದನ್ನು ಮಾತ್ರ ಗುಟುಕು ಗುಟುಕಾಗಿ ಕುಡಿದ. ಮನೆಗೆ ಬಂದ ಮೇಲೆ ಚಿಕ್ಕಪ್ಪ ಗುಣದ ಯಶಸ್ಸನ್ನೆಲ್ಲ ಹುಲ್ಲಿಗೇ ಕಟ್ಟಲು ನೋಡಿದರು. ಅಮ್ಮ ಒಪ್ಪಲಿಲ್ಲ.

ಮನೆಮದ್ದು ಎಂದರೆ ಯಾವ ಎಲೆಗೆ ಯಾವ ಗುಣ ಎಂಬ ಪಟ್ಟಿ ಮಾತ್ರವಲ್ಲ. ಲೋಟ ಕೆಳಗಿಟ್ಟು ಏಳಬೇಕಾದ ಗಳಿಗೆ ಯಾವುದೆಂಬ ತಿಳಿವೂ ಅದರೊಳಗೇ ಸೇರಿದೆ. ಪಟ್ಟಿ ಈಗ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತದೆ; ಆ ತಿಳಿವು ಮಾತ್ರ ಅಷ್ಟು ಸುಲಭವಾಗಿ ಕೈಗೆ ಸಿಗುವುದಿಲ್ಲ. ಅದಕ್ಕೇ ಯಾರಾದರೂ ಬುಡ ಕೇಳಲು ಬಂದರೆ ಅಮ್ಮ ಬೇರಿನ ಮಣ್ಣು ಕೊಡವುತ್ತಲೇ ಹೇಳುತ್ತಾರೆ: "ನೆಗಡಿಗೆ ಒಳ್ಳೆಯದು, ಅಜೀರ್ಣಕ್ಕೆ ಒಳ್ಳೆಯದು. ಜ್ವರ ಮೂರನೆಯ ದಿನಕ್ಕೆ ನಿಂತರೆ ಇದನ್ನ ನೆಚ್ಚಿಕೊಂಡು ಕೂರಬೇಡಿ."