ಕಾಶ್ಮೀರಿ ಗೇಟಿನ ಬಿಡಿಭಾಗಗಳ ಪೇಟೆ

ದಿಲ್ಲಿಗೆ ಬಂದ ನೆಂಟರಿಗೆ ನಾವು ತೋರಿಸುವ ಸ್ಥಳಗಳ ಪಟ್ಟಿ ಬಹುಮಟ್ಟಿಗೆ ಒಂದೇ: ಕುತುಬ್ ಮಿನಾರು, ಕೆಂಪು ಕೋಟೆ, ರಾಜಘಾಟ್, ಬಿರ್ಲಾ ಮಂದಿರ. ಕಾಶ್ಮೀರಿ ಗೇಟ್ ಎಂದರೆ ಬಸ್ಸು ಹತ್ತುವ ಜಾಗ, ಇಲ್ಲವೆ ಮೆಟ್ರೋ ಬದಲಾಯಿಸುವ ಜಾಗ, ಅಷ್ಟೆ. ಆದರೆ ಹಳೆಯ ಮೋಟಾರು ಇಟ್ಟುಕೊಂಡ ಸಂಸಾರಸ್ಥನಿಗೆ ಆ ಬಾಗಿಲಿನ ದರ್ಶನ ಒಂದಲ್ಲ ಒಂದು ದಿನ ತಪ್ಪಿದ್ದಲ್ಲ.

ಷಾಜಹಾನನು ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದ ನಗರದ ಕೋಟೆಗೋಡೆಯಲ್ಲಿ ಉತ್ತರಕ್ಕೆ, ಎಂದರೆ ಕಾಶ್ಮೀರದ ದಾರಿಗೆ, ಮುಖಮಾಡಿದ ಹೆಬ್ಬಾಗಿಲು ಇದು. 1857ರ ಸೆಪ್ಟೆಂಬರ್ 14ರಂದು ಇಂಗ್ಲಿಷರ ಸೈನ್ಯ ಇದನ್ನು ಮದ್ದಿಟ್ಟು ಒಡೆದು ಒಳನುಗ್ಗಿತು. ಗುಂಡಿನ ಗಾಯಗಳು ಗೋಡೆಯ ಮೇಲೆ ಇಂದಿಗೂ ಕಾಣುತ್ತವೆ. ಸ್ವಲ್ಪ ದೂರದಲ್ಲಿ 1836ರ ಸೇಂಟ್ ಜೇಮ್ಸ್ ಇಗರ್ಜಿ ಗುಮ್ಮಟ ಹೊತ್ತು ನಿಂತಿದೆ. ಇವುಗಳ ಆಸುಪಾಸಿನ ಬೀದಿಗಳಲ್ಲೇ ಮೋಟಾರು ಬಿಡಿಭಾಗಗಳ ಪ್ರಸಿದ್ಧ ಪೇಟೆ. ಒಂದು ಅಂಗಡಿಯಲ್ಲಿ ಬರಿಯ ಬೇರಿಂಗು, ಇನ್ನೊಂದರಲ್ಲಿ ಬರಿಯ ದೀಪ, ಮತ್ತೊಂದರಲ್ಲಿ ಛಾವಣಿಯವರೆಗೂ ಶಾಕ್ ಅಬ್ಸಾರ್ಬರುಗಳು. ಇಲ್ಲಿನವರ ಬಾಯಲ್ಲಿ ಅದು ‘ಶಾಕರ್’.

ನಮ್ಮದು ಹನ್ನೊಂದು ವರ್ಷದ ಚಿಕ್ಕ ಕಾರು. ಸಣ್ಣ ಹಳ್ಳ ಸಿಕ್ಕಿದರೂ ಮುಂದಿನ ಎಡಗಡೆಯಿಂದ ‘ಟಕ್’ ಎನ್ನತೊಡಗಿತ್ತು. ಊರಿನಿಂದ ತಾಯಿಯವರು ಬರುವವರಿದ್ದರು. ಅವರಿಗೆ ಹರಿದ್ವಾರದಲ್ಲಿ ಗಂಗಾಸ್ನಾನವಾಗಬೇಕೆಂದು ಬಹುದಿನದ ಆಸೆ. ಹೋಗುವುದಕ್ಕೇ 200 ಕಿಲೋಮೀಟರಿಗೂ ಹೆಚ್ಚು ದಾರಿ. ಒಂದು ದೊಡ್ಡ ಗ್ಯಾರೇಜಿನವರು ಗಾಡಿಯನ್ನು ಎತ್ತಿಯೂ ನೋಡದೆ, ಶಾಕರುಗಳಿಂದ ಹಿಡಿದು ಮುಂಭಾಗದ ಸಮಸ್ತವನ್ನೂ ಬದಲಾಯಿಸಬೇಕೆಂದು ಉದ್ದದ ಪಟ್ಟಿ ಬರೆದುಕೊಟ್ಟರು. ಗುಮಾಸ್ತನ ಸಂಬಳಕ್ಕೆ ಆ ಪಟ್ಟಿ ತೀರ ಭಾರವಾಗಿತ್ತು. ಹಾಗೆಂದು ಸುಮ್ಮನಿರುವಂತೆಯೂ ಇರಲಿಲ್ಲ.

ನಮ್ಮ ಕಛೇರಿಗೆ ಶನಿವಾರ ರಜ, ಪೇಟೆಗೆ ಭಾನುವಾರ ರಜ. ಆದ್ದರಿಂದ ಶನಿವಾರ ಬೆಳಿಗ್ಗೆಯೇ ಹೊರಟೆ. ಪೇಟೆಯ ಹಿಂದಿನ ಓಣಿಯಲ್ಲಿ ಕೆಲಸ ಮಾಡುವ ವಯಸ್ಸಾದ ಮಿಸ್ತ್ರಿಯೊಬ್ಬರನ್ನು ನೆರೆಯವರು ಹೇಳಿದ್ದರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಾರೆ. ನನ್ನ ಪಟ್ಟಿಯನ್ನು ಅವರು ಓದಲೇ ಇಲ್ಲ. “ಬಾಬೂಜಿ, ಮೊದಲು ರೋಗ ಗೊತ್ತಾಗಲಿ, ಔಷಧಿ ಆಮೇಲೆ” ಎಂದರು.

ಮೊದಲು ಬಾನೆಟ್ಟಿನ ಮೂಲೆಯನ್ನು ಬಲವಾಗಿ ಒತ್ತಿ ಬಿಟ್ಟರು. ಗಾಡಿ ಒಮ್ಮೆ ಎದ್ದು ಸುಮ್ಮನಾಯಿತು. ಶಾಕರ್ ಸತ್ತಿದ್ದರೆ ಎರಡು ಮೂರು ಸಲ ತೂಗುತ್ತಿತ್ತು. ಅದರ ಮೈಮೇಲೆ ಎಣ್ಣೆ ಸೋರಿದ ಗುರುತೂ ಇರಲಿಲ್ಲ. ಆಮೇಲೆ ಜಾಕಿಯಿಂದ ಎತ್ತಿ, ಕೆಳಗೆ ಗಟ್ಟಿಯಾದ ಸ್ಟ್ಯಾಂಡ್ ಕೊಟ್ಟು (ಬರಿಯ ಜಾಕಿಯನ್ನು ನಂಬಿ ಯಾರೂ ಗಾಡಿಯ ಕೆಳಗೆ ಹೋಗಬಾರದು), ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದರು. ಚಕ್ರ ಆಡಿತು. ನನ್ನಿಂದ ಬ್ರೇಕ್ ಒತ್ತಿಸಿ ಮತ್ತೆ ಅಲ್ಲಾಡಿಸಿದರು. ಆಟ ನಿಂತಿದ್ದರೆ ಬೇರಿಂಗಿನ ದೋಷ. ನಿಲ್ಲಲಿಲ್ಲವಾದ್ದರಿಂದ ಬಾಲ್ ಜಾಯಿಂಟಿನದು. ಎಡಬಲಕ್ಕೆ ಹಿಡಿದು ನೋಡಿದಾಗ ಆಟವಿಲ್ಲ. ಸ್ಟೀಯರಿಂಗಿನ ಕೊಂಡಿಗಳು ಸರಿಯಾಗಿವೆ ಎಂದಾಯಿತು. ಕಡೆಗೆ ಸನ್ನೆಕೋಲು ಹಾಕಿ ಕೆಳಗಿನ ತೋಳನ್ನು, ಎಂದರೆ ಲೋಯರ್ ಆರ್ಮನ್ನು, ಮೀಟಿದರು. ಅದರ ರಬ್ಬರು ಬುಷ್ ಸೀಳಿತ್ತು.

ಬಾಲ್ ಜಾಯಿಂಟು ನಮ್ಮ ಭುಜದ ಕೀಲಿನಂತೆ: ಬಟ್ಟಲಲ್ಲಿ ಕೂತ ಗುಂಡು. ಅದರ ರಬ್ಬರು ಟೋಪಿ ಹರಿದರೆ ಗ್ರೀಸು ಹೋಗಿ ಧೂಳು ನೀರು ಸೇರುತ್ತವೆ, ಕೀಲು ಸವೆಯುತ್ತದೆ. ಪೂರಾ ಕಳಚಿಕೊಂಡಿತೋ, ಓಡುತ್ತಿರುವಾಗಲೇ ಚಕ್ರ ಹೊರಕ್ಕೆ ಮಡಚಿಕೊಳ್ಳುತ್ತದೆ. ಸ್ಟೀಯರಿಂಗ್ ಕೈಯಲ್ಲಿದ್ದೂ ಇಲ್ಲದಂತೆ. ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗುವವನಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ನಮ್ಮ ಗಾಡಿಯಲ್ಲಿ ಬಾಲ್ ಜಾಯಿಂಟೂ ಬುಷ್ಷೂ ತೋಳಿಗೇ ಕೂಡಿಕೊಂಡು ಬರುತ್ತವೆ. “ಎಡಗಡೆಯದು ಸವೆದಷ್ಟು ದಾರಿಯನ್ನು ಬಲಗಡೆಯದೂ ಸವೆಸಿದೆಯಲ್ಲ” ಎಂದು ಉಸ್ತಾದರು ಎರಡು ತೋಳುಗಳನ್ನೂ ತರಲು ಹೇಳಿದರು. ಅಂಗಡಿಯವನು ಗಾಡಿಯ ವರ್ಷ, ಮಾದರಿ ಎಲ್ಲ ಕೇಳಿ, ಮೂರು ಬೆಲೆಯ ಮೂರು ಡಬ್ಬಿ ಮುಂದಿಟ್ಟ. ನಕಲಿ ಮಾಲು ಈ ವ್ಯಾಪಾರದಲ್ಲಿ ಧಾರಾಳ. ರಶೀದಿ ಕೊಡುವ ಅಂಗಡಿಯೇ ಮೇಲು. ಹಳೆಯ ತೋಳನ್ನು ಪಕ್ಕದಲ್ಲಿಟ್ಟು ಹೋಲಿಸಿಯೇ ಕೊಂಡೆ.

ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ಬುಷ್ಷಿನ ಬೋಲ್ಟುಗಳ ಕೊನೆಯ ಬಿಗಿತವನ್ನು ಮಾತ್ರ ಉಸ್ತಾದರು ಚಕ್ರಗಳು ನೆಲಕ್ಕಿಳಿದು ಗಾಡಿಯ ಭಾರ ಕೂತ ಮೇಲೆಯೇ ಮಾಡಿದರು. ತೂಗಾಡುವಾಗ ಬಿಗಿದರೆ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅಲ್ಲಿಂದ ಚಕ್ರಗಳ ಅಲೈನ್‌ಮೆಂಟ್. ಅದನ್ನು ಬಿಟ್ಟರೆ ಹೊಸ ಟೈರೂ ಒಂದು ಅಂಚಿನಲ್ಲಿ ಸವೆಯುತ್ತದೆ. ಒಟ್ಟು ಖರ್ಚು ಮೊದಲಿನ ಪಟ್ಟಿಯ ಕಾಲುಭಾಗವೂ ಆಗಲಿಲ್ಲ. ತಾಯಿಯವರು ಹರಿದ್ವಾರದವರೆಗೆ ದಾರಿಯಲ್ಲೇ ಒಂದು ನಿದ್ದೆ ತೆಗೆದರು.

ಪರಸ್ಥಳದಲ್ಲಿರುವ ನಮಗೆ ಸೋದರಮಾವನ ಗ್ಯಾರೇಜಿಲ್ಲ, ಬಾಲ್ಯಸ್ನೇಹಿತ ಮೇಸ್ತ್ರಿಯಿಲ್ಲ. ಇಂಥ ಒಂದು ಪೇಟೆಯನ್ನೂ ನಂಬಿಕೆಯ ಒಂದು ಕೈಯನ್ನೂ ಪರಿಚಯಮಾಡಿಕೊಂಡಿರುವುದು ಒಳ್ಳೆಯದು. ಗಾಡಿ ಸದ್ದು ಮಾಡಿದರೆ ತಡಮಾಡಬೇಡಿ. ಆದರೆ ಎತ್ತಿ, ಅಲ್ಲಾಡಿಸಿ ನೋಡದವರ ಪಟ್ಟಿಗೆ ಹಣ ತೆರಬೇಡಿ. ಹೋದವರು ಆ ಹಳೆಯ ಹೆಬ್ಬಾಗಿಲನ್ನೂ ಒಮ್ಮೆ ನಿಂತು ನೋಡಿ ಬನ್ನಿ. ಅದಕ್ಕೆ ಹಣ ಬೇಕಿಲ್ಲ.