ಮಂದ್ರದ ಮಿತಿ

ನಾದಕ್ಕೆ ಆಳ ಬೇಕೆಂಬುದು ದಿಟ. ಆ ಆಳವೆಷ್ಟೆಂಬುದನ್ನು ಯಾರು ಗೊತ್ತುಮಾಡಬೇಕು?

ಕಡೂರು ತಾಲ್ಲೂಕಿನ ಯಗಟಿಯ ಹಂಚಿನ ಮನೆಯೊಂದಕ್ಕೆ ಸ್ಟೀರಿಯೋ ಬಂದಿತು. ಅದರ ಎರಡು ಪೆಟ್ಟಿಗೆಗಳೊಡನೆ ಸಬ್‌ವೂಫರ್ ಎಂಬ ಮೂರನೆಯದೂ ಬೇಕೆ ಎಂಬುದು ಮಗನ ಚಿಂತೆ. ತಂದೆಯವರು ಒಂದು ಕಾಲದಲ್ಲಿ ಮೃದಂಗ ನುಡಿಸಿದವರು. ಮುಪ್ಪು ಕಿವಿಯಿಂದ ಮೊದಲು ಕಸಿಯುವುದು ತಾರಸ್ವರಗಳನ್ನು. ಅವರಿಗೆ ಕೊಳಲು ಮಸುಕಾಗಿ, ಎಡಮುಖದ ಗುಂಕಾರವಷ್ಟೇ ನಿಚ್ಚಳವಾಗಿ ಉಳಿದಿದ್ದಿತು. ಅದಾದರೂ ತುಂಬಿ ಬರಲೆಂದು ಅವನ ಆಸೆ.

ಗಾಯಕನ ಆಧಾರಷಡ್ಜವು ಸುಮಾರು 130 ಹರ್ಟ್ಸ್ ಆದರೆ ಮಂದ್ರಷಡ್ಜವು ಅದರರ್ಧ, 65. ಎಡಮುಖವು ನುಡಿಯುವುದೂ ಹೆಚ್ಚುಕಡಿಮೆ ಅಲ್ಲಿಯೇ. ಅಷ್ಟಕ್ಕೆ ಒಳ್ಳೆಯ ಪೆಟ್ಟಿಗೆಗಳೆರಡೇ ಸಾಕು. ಪಿಯಾನೋವಿನ 27.5ರ ಕಟ್ಟಕಡೆಯ ಸ್ವರಕ್ಕೆ, ಚಲಚ್ಚಿತ್ರದ ಗುಡುಗಿಗೆ ಮೂರನೆಯದು ಬೇಕಾದೀತು. ಆದರೆ ಅಂತಹ ನಾದವು ಗೋಡೆಯನ್ನು ದಾಟಿ ನೆರೆಮನೆಯ ತೊಟ್ಟಿಲನ್ನೂ ಮುಟ್ಟುವುದು.

“ಎಡಮುಖಕ್ಕೆ ರವೆ ಹಚ್ಚುವುದು ನಾದ ಇಳಿಯಲೆಂದು, ಮಗು. ಹೆಚ್ಚಾದರೆ ಮೃದಂಗವೇ ಮೂಕವಾಗುತ್ತದೆ. ಮೊದಲು ಪೆಟ್ಟಿಗೆಗಳನ್ನು ಗೋಡೆಯ ಬಳಿಗೆ ಸರಿಸಿ ನೋಡು,” ಎಂದರು ತಂದೆ.

ಸರಿಸಿದನು. ಗೋಡೆಯು ಮಂದ್ರಕ್ಕೆ ಬಲವಿತ್ತಿತು. ವೃದ್ಧರ ಎಡಗೈ ತಾನಾಗಿ ತೊಡೆಯ ಮೇಲೆ ನುಡಿಯತೊಡಗಿತು. ಮೂರನೆಯ ಪೆಟ್ಟಿಗೆಯ ಮಾತು ಅಂದಿಗೆ ಮುಗಿಯಿತು.